ಶೆಲ್ಸ್‌ಲೀ ಗುಡ್ಡಕ್ಕೆ ಒಂದು ಭಾನುವಾರ: ಮಿಡ್‌ಲ್ಯಾಂಡ್ಸ್‌ನ ಕನ್ನಡಿಗರಿಗೆ ಬಹಿರಂಗ ಪತ್ರ

ಕವೆಂಟ್ರಿ, ಬರ್ಮಿಂಗ್‌ಹ್ಯಾಮ್, ವಾರಿಕ್, ಲೆಮಿಂಗ್ಟನ್ ಸುತ್ತಮುತ್ತಲಿನ ಕಾರು ಕಂಪನಿಗಳಲ್ಲೂ ಅವಕ್ಕೆ ಬಿಡಿಭಾಗ, ಸಾಫ್ಟ್‌ವೇರ್ ಒದಗಿಸುವ ಸಂಸ್ಥೆಗಳಲ್ಲೂ ದುಡಿಯುತ್ತಿರುವ ಕನ್ನಡ ಬಂಧುಗಳಿಗೆ, ಅವರ ಮನೆಮಂದಿಗೆ:

ವಾರಕ್ಕೆ ಐದು ದಿನ ಕಾರಿನ ಕೆಲಸದಲ್ಲೇ ಮುಳುಗಿರುವವರಿಗೆ ರಜೆಯ ದಿನವೂ ಕಾರು ನೋಡಲು ಹೋಗಿ ಎನ್ನಬೇಕಾದರೆ ಗಟ್ಟಿ ಕಾರಣ ಬೇಕು. ಆ ಕಾರಣ ಇದೆ ಎಂಬ ನಂಬಿಕೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಮೋಟಾರು ಪಂದ್ಯದ ಹುಚ್ಚಿರುವವರು ಕಡಿಮೆಯಿಲ್ಲ. ಫಾರ್ಮುಲಾ ಒನ್ ಇರುವ ಭಾನುವಾರ ಊಟದ ಹೊತ್ತನ್ನೇ ಅದಕ್ಕೆ ಹೊಂದಿಸಿಕೊಳ್ಳುವ ಮನೆಗಳಿವೆ. ದುಡ್ಡು ಕೂಡಿಟ್ಟು ಒಮ್ಮೆಯಾದರೂ ಸಿಲ್ವರ್‌ಸ್ಟೋನಿಗೆ ಹೋಗಿಬಂದವರಿದ್ದಾರೆ. ಆದರೆ ನಿಮ್ಮ ಊರುಗಳಿಂದ ಸುಮಾರು ಒಂದೂವರೆ ಗಂಟೆಯ ಹಾದಿಯೊಳಗೆ, ವೂಸ್ಟರ್ ದಾಟಿ ಟೀಮ್ ನದಿಯ ಕಣಿವೆಯ ಕಡೆ ಹೋದರೆ, ಶೆಲ್ಸ್‌ಲೀ ವಾಲ್ಷ್ ಎಂಬ ಸಣ್ಣ ಹಳ್ಳಿ ಸಿಗುತ್ತದೆ. ಹವ್ಯಾಸಿಗಳು ತಮ್ಮ ತಮ್ಮ ಕಾರುಗಳನ್ನು ಒಂದೊಂದಾಗಿ ಗುಡ್ಡ ಹತ್ತಿಸಿ, ಯಾರು ಎಷ್ಟು ಬೇಗ ಮೇಲೆ ಮುಟ್ಟಿದರೆಂದು ಅಳೆಯುವ ಹಿಲ್ ಕ್ಲೈಂಬ್ ಪಂದ್ಯ ಅಲ್ಲಿ ನಡೆಯುತ್ತದೆ. ನನ್ನ ವಾದ ಇಷ್ಟೇ: ಮೋಟಾರು ಕ್ರೀಡೆ ಬೆಳೆದಂತೆಲ್ಲ ನೋಡುಗನನ್ನು ಯಂತ್ರದಿಂದ ದೂರ ತಳ್ಳುತ್ತಾ ಹೋಯಿತು, ಹವ್ಯಾಸಿಗಳ ಹಿಲ್ ಕ್ಲೈಂಬ್ ಇನ್ನೂ ಹಾಗೆ ಮಾಡಿಲ್ಲ. ಯಂತ್ರವನ್ನೇ ನಂಬಿ ಬದುಕುವ ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಮೋಟಾರು ಪಂದ್ಯ ಇಂಗ್ಲೆಂಡಿನಲ್ಲಿ ಇನ್ನೊಂದಿಲ್ಲ, ಅದನ್ನು ನೋಡಬೇಕಾದ್ದು ಇಡೀ ಒಂದು ದಿನ.

ಮೊದಲು ಜಾಗದ ವಿಚಾರ. ಮಿಡ್‌ಲ್ಯಾಂಡ್ ಆಟೊಮೊಬೈಲ್ ಕ್ಲಬ್ 1901ರಲ್ಲಿ ಹುಟ್ಟಿತು. 1905ರ ಆಗಸ್ಟ್ 12ರಂದು ಶೆಲ್ಸ್‌ಲೀಯಲ್ಲಿ ಮೊದಲ ಪಂದ್ಯ ನಡೆಸಿತು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕನ್ನು ಆಗಿನ್ನೂ ಕಟ್ಟಿರಲಿಲ್ಲ, ಅಮೆರಿಕದ ಇಂಡಿಯಾನಾಪೊಲಿಸ್ ಟ್ರ್ಯಾಕನ್ನೂ. ಎರಡು ಮಹಾಯುದ್ಧಗಳ ಕಾಲ ಬಿಟ್ಟರೆ ಅದೇ ಗುಡ್ಡದ ಅದೇ ಹಾದಿಯಲ್ಲಿ ಇಂದಿಗೂ ಪಂದ್ಯ ನಡೆಯುತ್ತಿದೆ. ಹಾದಿಯ ಉದ್ದ 1000 ಗಜ, ಅಂದರೆ 914 ಮೀಟರ್. ಅಷ್ಟರಲ್ಲಿ ಸುಮಾರು 100 ಮೀಟರ್ ಏರಬೇಕು. ಕಡಿದಾದ ಕಡೆ ಆರು ಅಡಿ ಮುಂದೆ ಹೋದರೆ ಹೆಚ್ಚುಕಡಿಮೆ ಒಂದಡಿ ಮೇಲೆ. ಕಿರಿದಾದ ಜಾಗದಲ್ಲಿ ಅಗಲ ಹನ್ನೆರಡು ಅಡಿಯಷ್ಟೇ. ಆಗುಂಬೆ ಘಾಟಿಯಲ್ಲಿ ಎದುರಿಗೆ ಬಸ್ಸು ಬಂದಾಗ ಎದೆ ಝಲ್ಲೆಂದವರಿಗೆ ಹನ್ನೆರಡು ಅಡಿ ಎಂದರೆ ಏನೆಂದು ವಿವರಿಸಬೇಕಿಲ್ಲ. ಮೊದಲ ವರ್ಷ ಅರ್ನೆಸ್ಟ್ ಇನ್‌ಸ್ಟೋನ್ ತಮ್ಮ ಡೈಮ್ಲರ್ ಕಾರಿನಲ್ಲಿ 77.6 ಸೆಕೆಂಡಿಗೆ ಮೇಲೆ ಮುಟ್ಟಿದ್ದೇ ಅತಿ ವೇಗದ ಏರಿಕೆಯಾಗಿತ್ತು. 2008ರಲ್ಲಿ ಮಾರ್ಟಿನ್ ಗ್ರೋವ್ಸ್ ಅದನ್ನು 22.58 ಸೆಕೆಂಡಿಗೆ ಇಳಿಸಿದರು. ನಿಂತ ಜಾಗದಿಂದ ಹೊರಟು, ತಿರುವುಗಳನ್ನೆಲ್ಲ ಸುತ್ತಿ, ಸರಾಸರಿಯೇ ಗಂಟೆಗೆ ಸುಮಾರು 146 ಕಿಲೊಮೀಟರ್ ಎಂದಾಯಿತು.

ಇನ್ನು ನೋಡುಗನ ದಿನ. ಫಾರ್ಮುಲಾ ಒನ್‌ನಂಥ ಪಂದ್ಯಗಳಲ್ಲಿ ಪ್ಯಾಡಕ್ ಎಂಬ ಕಾರು ನಿಲ್ಲಿಸುವ ಅಂಗಳಕ್ಕೆ ಕಾಲಿಡಬೇಕಾದರೆ ಪಾಸು ಬೇಕು, ವಶೀಲಿ ಬೇಕು. ಶೆಲ್ಸ್‌ಲೀಯಲ್ಲಿ ಅದು ಟಿಕೆಟ್ ಕೊಂಡವರಿಗೆಲ್ಲ ತೆರೆದ ಜಾಗ. ಹಳೆಯ ಕಾಲದ ಮಾಡಿನ ಕೆಳಗೆ ಸಾಲಾಗಿ ಕಾರುಗಳು ನಿಂತಿರುತ್ತವೆ. ದಿನವೂ ಕಚೇರಿಗೆ ಓಡಿಸುವಂಥ ಸಣ್ಣ ಕಾರೊಂದು, ಅದರ ಪಕ್ಕದಲ್ಲಿ ಬೈಕಿನ ಎಂಜಿನ್ ಹೊತ್ತ ಒಂಟಿ ಸೀಟಿನ ಕಡ್ಡಿಯಂಥ ಗಾಡಿ, ಅದರಾಚೆಗೆ ಯುದ್ಧಕ್ಕೆ ಮುಂಚಿನ ಕಾರು, ಕೊನೆಗೆ ದೊಡ್ಡ ರೆಕ್ಕೆಗಳ ರೇಸ್ ಕಾರು. ಮೇಲಿನ ಹೊದಿಕೆ ಕಳಚಿಟ್ಟಿರುತ್ತಾರೆ. ನಿಮ್ಮಿಂದ ಒಂದು ಮೊಳ ದೂರದಲ್ಲಿ ಸಸ್ಪೆನ್ಷನ್ನಿನ ಕೀಲುಗಳು, ಬ್ರೇಕಿನ ಕೊಳವೆಗಳು, ವೈರುಗಳನ್ನು ಕಟ್ಟಿದ ರೀತಿ ಎಲ್ಲವೂ ಕಾಣುತ್ತವೆ. ಪ್ರತಿ ಕಾರಿನ ಮೂತಿಗೂ ಲಂಬವಾಗಿ ಒಂದು ಕಪ್ಪು ಪಟ್ಟಿ ಸಿಕ್ಕಿಸಿರುತ್ತಾರೆ. ಅದು ಅಲಂಕಾರಕ್ಕಲ್ಲ. ಹೊರಡುವಲ್ಲೂ ಮುಗಿಯುವಲ್ಲೂ ರಸ್ತೆಗೆ ಅಡ್ಡಲಾಗಿ ಹಾಯುವ ಬೆಳಕಿನ ಕಿರಣವನ್ನು ಕತ್ತರಿಸುವುದು ಆ ಪಟ್ಟಿಯೇ. ಕಾರಿನ ಮೂತಿ ಚೂಪಾಗಿರಲಿ, ಮೊಂಡಾಗಿರಲಿ, ಎಲ್ಲರ ಸಮಯವೂ ಒಂದೇ ರೀತಿ ದಾಖಲಾಗಬೇಕೆಂಬ ಏರ್ಪಾಟು ಅದು. ಮಗು ಬೆರಳು ತೋರಿಸಿ ಇದೇನು ಎಂದು ಕೇಳಿದರೆ ಉತ್ತರ ಹೇಳುವವರು ಆ ಕಾರನ್ನು ಇನ್ನು ಹತ್ತು ನಿಮಿಷಕ್ಕೆ ಓಡಿಸಲಿರುವವರೇ ಆಗಿರುತ್ತಾರೆ. ಎಷ್ಟೋ ಕಡೆ ಒಂದೇ ಕಾರನ್ನು ಇಬ್ಬರು ಹಂಚಿಕೊಂಡಿರುತ್ತಾರೆ: ಅಪ್ಪ ಮಗಳು, ಗಂಡ ಹೆಂಡತಿ, ಇಬ್ಬರು ಗೆಳೆಯರು. ಒಬ್ಬರು ಇಳಿದ ಮೇಲೆ ಸೀಟಿನ ದಿಂಬು ಬದಲಿಸಿ ಇನ್ನೊಬ್ಬರು ಕೂರುತ್ತಾರೆ. ಒಂದೇ ಯಂತ್ರ, ಒಂದೇ ರಸ್ತೆ, ಎರಡು ಕೈ. ಯಂತ್ರದ ಪಾಲೆಷ್ಟು, ಓಡಿಸುವವರ ಪಾಲೆಷ್ಟು ಎಂಬ ಪ್ರಶ್ನೆಗೆ ಇಷ್ಟು ನೇರವಾದ ಪ್ರಯೋಗ ಬೇರೆ ಯಾವ ಮೋಟಾರು ಪಂದ್ಯದಲ್ಲೂ ಕಣ್ಣೆದುರು ನಡೆಯುವುದಿಲ್ಲ.

ಹೊರಡುವ ಗೆರೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಬೇಕು. ಸರದಿ ಬಂದ ಕಾರು ಚಕ್ರಗಳನ್ನು ಗಿರ್ರನೆ ತಿರುಗಿಸಿ ಟೈರು ಬಿಸಿ ಮಾಡಿಕೊಂಡು ಮುಂದೆ ಬರುತ್ತದೆ. ಅಲ್ಲಿ ಏರು ಆಗಲೇ ಶುರುವಾಗಿರುವುದರಿಂದ ಕಾರು ಹಿಂದಕ್ಕೆ ಜಾರದಂತೆ ಮಾರ್ಷಲ್ ಒಬ್ಬರು ಹಿಂಚಕ್ರಕ್ಕೆ ಉದ್ದ ಹಿಡಿಯ ತಡೆಗಟ್ಟಿಯೊಂದನ್ನು ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ಮೂತಿಯ ಪಟ್ಟಿ ಗೆರೆಗೆ ಸರಿಯಾಗಿದೆಯೇ ಎಂದು ಬಗ್ಗಿ ನೋಡಿ ದೂರ ಸರಿಯುತ್ತಾರೆ. ಹಸಿರು ದೀಪ ಹತ್ತುತ್ತದೆ. ಇಲ್ಲೊಂದು ವಿಶೇಷವಿದೆ: ದೀಪ ಹತ್ತಿದೊಡನೆ ನುಗ್ಗಬೇಕೆಂದಿಲ್ಲ. ಗಡಿಯಾರ ಶುರುವಾಗುವುದು ಕಾರು ಕದಲಿ ಕಿರಣವನ್ನು ಕತ್ತರಿಸಿದಾಗ. ಆದ್ದರಿಂದ ಓಡಿಸುವವರು ಒಂದು ಉಸಿರು ಎಳೆದು, ಎಂಜಿನ್ನಿನ ದನಿ ತಮಗೆ ಬೇಕಾದ ಹದಕ್ಕೆ ಬಂದ ಮೇಲೆಯೇ ಕ್ಲಚ್ ಬಿಡುತ್ತಾರೆ. ಮೊದಲ 64 ಅಡಿಯ ಸಮಯವನ್ನೇ ಪ್ರತ್ಯೇಕವಾಗಿ ಅಳೆಯುತ್ತಾರೆ. ಇಂಥವರು ಹೊರಡುವಾಗಲೇ ಸಮಯ ಕಳೆದುಕೊಂಡರೇ, ಇಲ್ಲಾ ಮೇಲಿನ ತಿರುವಿನಲ್ಲೇ ಎಂಬುದು ಧ್ವನಿವರ್ಧಕದಲ್ಲಿ ವಿವರಣೆ ಕೇಳುತ್ತಾ ಕೂತವರಿಗೂ ಆಗಲೇ ಗೊತ್ತಾಗುತ್ತದೆ. ಆಮೇಲೆ ನಡೆದು ಮೇಲಕ್ಕೆ ಹೋಗಿ. ಕೆನೆಲ್ ಎಂಬ ಮೊದಲ ತಿರುವು, ಕ್ರಾಸಿಂಗ್, ಅದರ ಮೇಲೆ ಹಾವಿನಂತೆ ಎಡಕ್ಕೂ ಬಲಕ್ಕೂ ಬಳುಕುವ ಜೋಡಿ ತಿರುವು. ಅದರ ಮೊದಲ ಭಾಗಕ್ಕೆ ಬಾಟಮ್ ಎಸ್, ಎರಡನೆಯದಕ್ಕೆ ಟಾಪ್ ಎಸ್ ಎಂದು ಹೆಸರು. ಅಲ್ಲಿ ಒಂದರ ಹಿಂದೊಂದು ಬರುವ ಕಾರುಗಳನ್ನು ಒಂದೇ ಜಾಗದಲ್ಲಿ ಕೂತು ಗಮನಿಸಿದರೆ, ಬ್ರೇಕು ಎಲ್ಲಿ ಒತ್ತಿದರು, ಬಾಲ ಎಲ್ಲಿ ಜಾರಿತು, ಆಕ್ಸಿಲರೇಟರ್ ಮತ್ತೆ ಯಾವಾಗ ಒತ್ತಿದರು ಎಂಬುದೆಲ್ಲ ಕಿವಿಗೂ ಕಣ್ಣಿಗೂ ಸಿಗತೊಡಗುತ್ತದೆ. ಬೆಳಗ್ಗೆ ಅಭ್ಯಾಸದ ಏರಿಕೆಗಳು, ಮಧ್ಯಾಹ್ನ ಲೆಕ್ಕಕ್ಕೆ ಸೇರುವ ಏರಿಕೆಗಳು. ಪ್ರತಿಯೊಬ್ಬರನ್ನೂ ಹಲವು ಸಲ ನೋಡುವುದರಿಂದ ಹೋಲಿಕೆ ತಾನಾಗಿಯೇ ಬೆಳೆಯುತ್ತದೆ. ಓಡಿ ಮುಗಿಸಿದ ಕಾರುಗಳು ಮೇಲೆ ಕಾದು, ಒಂದು ಗುಂಪಾಗಿ ಅದೇ ರಸ್ತೆಯಲ್ಲಿ ನಿಧಾನವಾಗಿ ಇಳಿದು ಬರುತ್ತವೆ. ಇಳಿಯುವಾಗ ಓಡಿಸುವವರು ಕೈ ಬೀಸುತ್ತಾರೆ, ಅಂಚಿನಲ್ಲಿ ಕೂತವರೂ ಬೀಸುತ್ತಾರೆ.

ಈ ಹತ್ತಿರದ ನಂಟು ಬರೀ ಖುಷಿಯ ವಿಷಯವಲ್ಲ. ಅದರಿಂದ ಎಂಜಿನಿಯರಿಂಗಿನ ಒಂದು ಪರಂಪರೆಯೇ ಹುಟ್ಟಿದೆ, ನನ್ನ ವಾದದ ಬಲ ಇರುವುದು ಅಲ್ಲಿ. ಎರಡು ಯುದ್ಧಗಳ ನಡುವೆ ಮನೆಯ ಶೆಡ್ಡಿನಲ್ಲಿ ಕಟ್ಟಿದ ಕಾರುಗಳಿಗೆ ಶೆಲ್ಸ್‌ಲೀ ಸ್ಪೆಷಲ್ ಎಂದೇ ಹೆಸರಾಯಿತು. ಬೇಸಿಲ್ ಡಾವೆನ್‌ಪೋರ್ಟ್ ಎರಡು ಸಿಲಿಂಡರಿನ, ಚೈನಿನಿಂದ ಓಡುವ ಜಿಎನ್ ಕಾರೊಂದನ್ನು ತಿದ್ದಿ ತೀಡಿ ಸ್ಪೈಡರ್ ಎಂದು ಹೆಸರಿಟ್ಟು, 1920ರ ದಶಕದ ಕೊನೆಯಲ್ಲಿ ದೊಡ್ಡ ದೊಡ್ಡ ಕಾರುಗಳನ್ನೆಲ್ಲ ಹಿಂದಿಕ್ಕಿದರು. ಜಾನ್ ಬೋಲ್‌ಸ್ಟರ್ ಇನ್ನೂ ಓದುವ ವಯಸ್ಸಿನಲ್ಲಿ ತಮ್ಮನ ಜೊತೆ ಸೇರಿ ಬ್ಲಡಿ ಮೇರಿ ಎಂಬ ಕಾರನ್ನು ಕಟ್ಟಿದರು. ಅದಕ್ಕೆ ಜೀವ ಕೊಟ್ಟದ್ದು ಬೈಕಿನ ಎಂಜಿನ್ನುಗಳು. 1930ರಲ್ಲಿ ಯುರೋಪಿನಿಂದ ಬಂದ ಹಾನ್ಸ್ ಸ್ಟಕ್ ಆಸ್ಟ್ರೋ-ಡೈಮ್ಲರ್‌ನಲ್ಲಿ 42.8 ಸೆಕೆಂಡಿನ ದಾಖಲೆ ಮಾಡಿ ಹೋದರು. ಅದೇ ಸ್ಟಕ್ 1936ರಲ್ಲಿ ಜರ್ಮನಿಯ ಆಟೊ ಯೂನಿಯನ್ ಕಂಪನಿಯ ಹದಿನಾರು ಸಿಲಿಂಡರಿನ ಕಾರು ತಂದಾಗ ಮಳೆ ಹಿಡಿದಿತ್ತು. ಜಗತ್ತಿನ ಬಲಿಷ್ಠ ರೇಸ್ ಕಾರುಗಳಲ್ಲೊಂದು ಆ ಒದ್ದೆಯಾದ ಕಿರುದಾರಿಯಲ್ಲಿ ತನ್ನನ್ನು ಓಡಿಸಿದವನ ಆರು ವರ್ಷ ಹಿಂದಿನ ಸಮಯದ ಹತ್ತಿರಕ್ಕೂ ಸುಳಿಯಲಾರದೆ ಹೋಯಿತು. ಅಷ್ಟರಲ್ಲಿ ರೇಮಂಡ್ ಮೇಸ್ 40 ಸೆಕೆಂಡಿನ ಒಳಗೆ ಗುಡ್ಡ ಹತ್ತಿದ್ದರು. ನೆಲ ಹಿಡಿತ ಸಾಲದೆಂದು ಹಿಂದಿನ ಚಕ್ರಗಳನ್ನು ಜೋಡಿ ಜೋಡಿಯಾಗಿ ಹಾಕುವ ಉಪಾಯ ಆ ಕಾಲದಲ್ಲಿ ಅಲ್ಲಿ ಸಾಮಾನ್ಯವಾಗಿತ್ತು. ಬ್ರಿಟಿಷ್ ಹಿಲ್ ಕ್ಲೈಂಬ್ ಚಾಂಪಿಯನ್‌ಶಿಪ್ 1947ರಲ್ಲಿ ಶುರುವಾದಾಗ ಮೊದಲೆರಡು ವರ್ಷ ಮೇಸ್ ಗೆದ್ದರು. ಇಆರ್‌ಎ, ಆಮೇಲೆ ಬಿಆರ್‌ಎಂ ಎಂಬ ರೇಸ್ ಕಾರುಗಳ ಹಿಂದಿದ್ದವರೂ ಅವರೇ. 1949ರಲ್ಲಿ ಗೆದ್ದ ಸಿಡ್ನಿ ಅಲರ್ಡ್ ಅವರ ಕಾರಿನಲ್ಲಿದ್ದದ್ದು ಆಸ್ಟ್ರಿಯಾದ ಸ್ಟೈರ್ ಕಂಪನಿ ಸೇನಾ ವಾಹನಕ್ಕೆಂದು ಮಾಡಿದ, ಗಾಳಿಯಿಂದ ತಣಿಯುವ ವಿ8 ಎಂಜಿನ್. ಈ ಸಾಲು ನಿಂತಿಲ್ಲ. ಬಿಆರ್‌ಎಂನಲ್ಲಿ ಕಾರು ವಿನ್ಯಾಸ ಮಾಡುತ್ತಿದ್ದ ಮೈಕ್ ಪಿಲ್‌ಬೀಮ್ ಹಿಲ್ ಕ್ಲೈಂಬಿಗೆಂದೇ ಕಾರು ಕಟ್ಟಿದರು. ಗ್ರೋವ್ಸ್ 2008ರಲ್ಲಿ ಓಡಿಸಿದ್ದು ಗೂಲ್ಡ್ ಎಂಬ ಸಣ್ಣ ಸಂಸ್ಥೆಯ ಕಾರು. ಕಾರ್ಖಾನೆಯಲ್ಲಿ ನಿಮ್ಮ ಪಾಲಿಗೆ ಬರುವುದು ಒಂದು ಬಾಗಿಲಿನ ಹಿಂಜ್, ಒಂದು ಬ್ರೇಕಿನ ಸಾಫ್ಟ್‌ವೇರ್, ಒಂದು ಪರೀಕ್ಷೆಯ ವರದಿ. ಇಡೀ ಕಾರನ್ನು ತಲೆಯಲ್ಲಿ ಹೊತ್ತು, ಕೈಯಾರೆ ಕಟ್ಟಿ, ತಾನೇ ಓಡಿಸಿ ನೋಡುವ ಎಂಜಿನಿಯರ್ ಸಿಗುವುದು ಈ ಪ್ಯಾಡಕ್ಕಿನಲ್ಲಿ. ಅವರೊಡನೆ ಅರ್ಧ ಗಂಟೆ ಮಾತಾಡುವುದು ಯಾವ ತರಬೇತಿ ಶಿಬಿರಕ್ಕೂ ಕಡಿಮೆಯಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಮುಗಿದುಹೋಗುವುದನ್ನು ಏನೆಂದು ನೋಡುವುದು? ಒಬ್ಬರನ್ನೊಬ್ಬರು ಹಿಂದಿಕ್ಕುವುದಿಲ್ಲ, ಡಿಕ್ಕಿಯಿಲ್ಲ, ಒಬ್ಬರೇ ಹೋಗುತ್ತಾರೆ, ಸಮಯ ಓದುತ್ತಾರೆ, ಅಷ್ಟೇ ಅಲ್ಲವೇ? ನಿಮ್ಮಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯವರು ಈ ಪ್ರಶ್ನೆ ಕೇಳಲಾರರು ಎಂದುಕೊಂಡಿದ್ದೇನೆ. ಕಂಬಳದ ಕರೆಯಲ್ಲಿ ಒಂದು ಜೋಡಿ ಕೋಣ ಓಡುವುದು ಎಷ್ಟು ಹೊತ್ತು? 2020ರಲ್ಲಿ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಆದರೂ ಜನ ಹಗಲು ರಾತ್ರಿ ಅಲ್ಲೇ ನಿಲ್ಲುತ್ತಾರೆ. ಯಾಕೆಂದರೆ ಅವರಿಗೆ ಯಾವ ಮನೆಯ ಕೋಣ, ಓಡಿಸುವವನು ಯಾರು, ಹಗ್ಗದ ವಿಭಾಗವೋ ನೇಗಿಲಿನದೋ, ಕಳೆದ ಕಂಬಳದಲ್ಲಿ ಏನಾಯಿತು ಎಲ್ಲ ಗೊತ್ತು. ಓಟದ ಹೊತ್ತು ಸಣ್ಣದು, ಅದರ ಹಿಂದಿನ ತಿಳಿವಳಿಕೆ ದೊಡ್ಡದು. ಹಿಲ್ ಕ್ಲೈಂಬಿನ ರುಚಿಯೂ ಹಾಗೆಯೇ ಹತ್ತುತ್ತದೆ. ಮೊದಲ ಹತ್ತು ಕಾರುಗಳು ಒಂದೇ ಥರ ಕಾಣಬಹುದು. ಕಾರ್ಯಕ್ರಮದ ಪುಸ್ತಕ ಕೈಯಲ್ಲಿ ಹಿಡಿದು, ಒಂದು ವಿಭಾಗವನ್ನು ಆರಿಸಿಕೊಂಡು, ಪೆನ್ನಿನಲ್ಲಿ ಸಮಯ ಬರೆಯುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ನೀವು ಯಾರದೋ ಪಕ್ಷ ವಹಿಸಿರುತ್ತೀರಿ. ಬೆಳಗ್ಗೆ 34.10 ಸೆಕೆಂಡು ತೆಗೆದುಕೊಂಡವರು ಮಧ್ಯಾಹ್ನ 33.98ಕ್ಕೆ ಬಂದರೆ ಅದು ನಿಮಗೂ ಸುದ್ದಿಯೇ. ಚಾಂಪಿಯನ್‌ಶಿಪ್ ಪಂದ್ಯವಿದ್ದ ದಿನ ಅತಿ ವೇಗದ ಹನ್ನೆರಡು ಮಂದಿ ಮತ್ತೆ ಓಡುತ್ತಾರೆ, ಮೊದಲ ಹತ್ತು ಸ್ಥಾನಗಳಿಗೆ ಹತ್ತರಿಂದ ಒಂದರವರೆಗೆ ಅಂಕ. ಅಲ್ಲಿ ಸ್ಥಾನಗಳ ನಡುವಿನ ಅಂತರ ಎಷ್ಟೋ ಸಲ ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ ಮಾತ್ರ. ಎಲ್ಲೋ ದೂರದ ಗ್ಯಾಲರಿಯಲ್ಲಿ ಕೂತು, ಕಾರುಗಳು ಮರೆಯಾದ ಮೇಲೆ ದೊಡ್ಡ ಪರದೆಯನ್ನೇ ನೋಡಬೇಕಾದ ಪಂದ್ಯಕ್ಕಿಂತ ಇದರಲ್ಲಿ ಕಣ್ಣಿಗೆ ಕೆಲಸ ಹೆಚ್ಚು.

ಇದು ದುಡ್ಡಿದ್ದವರ ಶೋಕಿ ಎಂಬ ಮಾತನ್ನೂ ಕೇಳುತ್ತೇವೆ. ಅರ್ಧ ನಿಜ. ರೆಕ್ಕೆಯ ರೇಸ್ ಕಾರುಗಳಿಗೆ ಬಹಳ ಹಣ ಬೇಕು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಪಂದ್ಯದಲ್ಲಿ, ಮನೆಯಿಂದ ಓಡಿಸಿಕೊಂಡು ಬಂದ ಕಾರಿನಲ್ಲೇ ಗುಡ್ಡ ಹತ್ತಿ, ಸಂಜೆ ಅದರಲ್ಲೇ ಮನೆಗೆ ಹೋಗುವವರಿಗೂ ವಿಭಾಗವಿದೆ. ಬದುಕು ನಡೆಯುವಂಥ ಬಹುಮಾನದ ಹಣ ಯಾರಿಗೂ ಇಲ್ಲ. ಗೆದ್ದವರೂ ಸೋತವರೂ ಸೋಮವಾರ ತಮ್ಮ ಕೆಲಸಕ್ಕೆ ಹೋಗಬೇಕಾದವರೇ. ನೋಡುಗರ ಖರ್ಚಿನ ಲೆಕ್ಕವೂ ಇದೆ. ಸಿಲ್ವರ್‌ಸ್ಟೋನಿನ ಫಾರ್ಮುಲಾ ಒನ್ ಪಂದ್ಯಕ್ಕೆ ಒಬ್ಬರಿಗೇ ನೂರಾರು ಪೌಂಡು ತೆರಬೇಕು. ಹಿಲ್ ಕ್ಲೈಂಬಿನ ಟಿಕೆಟ್ಟು ಅದರ ಸಣ್ಣ ಪಾಲು. ಊಟದ ಬುತ್ತಿ ಮನೆಯಿಂದಲೇ ಒಯ್ಯಬಹುದು. ಚಿತ್ರಾನ್ನವೋ ಚಪಾತಿ ಪಲ್ಯವೋ ಕಟ್ಟಿಕೊಂಡು ಹೋಗಿ ಹುಲ್ಲಿನ ಇಳಿಜಾರಿನಲ್ಲಿ ಕಂಬಳಿ ಹಾಸಿ ಕೂತರೆ ಯಾರೂ ಏಳಿಸುವುದಿಲ್ಲ.

ಅಪಾಯದ ಮಾತನ್ನು ಇಷ್ಟು ಹಗುರಾಗಿ ದಾಟುವಂತಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಕೇಳಲೇಬೇಕಾದ ಪ್ರಶ್ನೆ ಅದು. ಬ್ರಿಟನ್ನಿನಲ್ಲಿ ಹಿಲ್ ಕ್ಲೈಂಬುಗಳು ಒಂದು ಕಾಲಕ್ಕೆ ಸಾರ್ವಜನಿಕ ರಸ್ತೆಗಳಲ್ಲೇ ನಡೆಯುತ್ತಿದ್ದವು. ಪೊಲೀಸರು ಕಂಡೂ ಕಾಣದಂತೆ ಇರುತ್ತಿದ್ದರು. 1925ರ ಮಾರ್ಚಿನಲ್ಲಿ ಬಕಿಂಗ್‌ಹ್ಯಾಮ್‌ಶೈರ್‌ನ ಕಾಪ್ ಹಿಲ್ ಎಂಬಲ್ಲಿ ಬುಗಾಟಿ ಕಾರೊಂದು ಹಿಡಿತ ತಪ್ಪಿ ಅಂಚಿನ ದಿಬ್ಬ ಹತ್ತಿ ಅಲ್ಲಿದ್ದ ನೋಡುಗನಿಗೆ ಬಡಿಯಿತು. ಅವನ ಕಾಲು ಮುರಿಯಿತು. ಆ ಒಂದು ಕಾಲಿನ ಬೆಲೆ ದೊಡ್ಡದಾಯಿತು: ರಾಯಲ್ ಆಟೊಮೊಬೈಲ್ ಕ್ಲಬ್ ಸಾರ್ವಜನಿಕ ರಸ್ತೆಯ ವೇಗದ ಪಂದ್ಯಗಳಿಗೆ ಅನುಮತಿ ಕೊಡುವುದನ್ನೇ ನಿಲ್ಲಿಸಿತು. ಖಾಸಗಿ ಜಮೀನಿನಲ್ಲಿದ್ದ ಶೆಲ್ಸ್‌ಲೀ ಉಳಿಯಿತು. ಮುಚ್ಚಿದ ರಸ್ತೆ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ದೇಶದಲ್ಲೇ ನೋವಿನ ಸಾಕ್ಷಿಯಿದೆ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಬಳಿ ರ‍್ಯಾಲಿ ನಡೆಯುತ್ತಿದ್ದ ರಸ್ತೆಗೆ ಬೈಕಿನಲ್ಲಿ ಬಂದ ಒಂದೇ ಕುಟುಂಬದ ಮೂವರು ಸ್ಪರ್ಧೆಯ ಕಾರಿಗೆ ಸಿಕ್ಕಿ ಪ್ರಾಣ ಬಿಟ್ಟರು. ಶೆಲ್ಸ್‌ಲೀಯಲ್ಲಿ ಮುಚ್ಚಿದ ಒಂದೇ ದಾರಿ, ಹೊರಗಿನ ವಾಹನ ಅಡ್ಡ ಬರುವ ಭಯವಿಲ್ಲ. ತಿರುವು ತಿರುವಿಗೆ ಕೆಂಪು ಬಾವುಟ ಹಿಡಿದ ಮಾರ್ಷಲ್‌ಗಳು, ಅಗ್ನಿಶಾಮಕ ಸಾಮಗ್ರಿ, ವೈದ್ಯರು, ಆಂಬ್ಯುಲೆನ್ಸ್ ಇಲ್ಲದೆ ಕಾರು ಕದಲುವುದಿಲ್ಲ. ಒಂದು ಕಾರು ಜಾರಿ ನಿಂತರೆ ಹಾದಿ ತೆರವಾಗುವವರೆಗೆ ಮುಂದಿನದನ್ನು ಬಿಡುವುದಿಲ್ಲ. ಇಷ್ಟಾದರೂ ಅಪಾಯ ಸೊನ್ನೆಯಲ್ಲ. ಹಗ್ಗ ಕಟ್ಟಿದ ಗೆರೆ ದಾಟಬೇಡಿ, ನಿಲ್ಲಬಾರದೆಂದು ಫಲಕ ಹಾಕಿದ ಕಡೆ ಫೋಟೊಕ್ಕಾಗಿಯೂ ನಿಲ್ಲಬೇಡಿ, ಪ್ಯಾಡಕ್ಕಿನಲ್ಲಿ ಸಣ್ಣ ಮಕ್ಕಳ ಕೈ ಬಿಡಬೇಡಿ. ಅಲ್ಲಿ ಕಾರುಗಳು ಸದಾ ಓಡಾಡುತ್ತಿರುತ್ತವೆ. ಮಕ್ಕಳ ಕಿವಿಗೆ ಸದ್ದು ತಡೆಯುವ ಕವಚ ಬೇಕೇ ಬೇಕು. ಇನ್ನೊಂದು ಮಾತು: ವೇಗಕ್ಕೆ ಹೆಲ್ಮೆಟ್ಟು, ಮುಚ್ಚಿದ ರಸ್ತೆ, ಕಾಯುವ ಜನ ಇಷ್ಟೆಲ್ಲ ಬೇಕು ಎಂಬುದನ್ನು ಹದಿನೈದರ ಹುಡುಗನೊಬ್ಬ ಕಣ್ಣಾರೆ ಕಂಡರೆ, ಮುಂದೆ ಹೆದ್ದಾರಿಯಲ್ಲಿ ಶೂರತನ ತೋರಿಸುವ ಮೊದಲು ಎರಡು ಸಲ ಯೋಚಿಸಿಯಾನು. ಮನೆಯಲ್ಲಿ ಹೇಳುವ ಬುದ್ಧಿಮಾತಿಗಿಂತ ಇದು ಹೆಚ್ಚು ನಾಟುತ್ತದೆಂದು ನನ್ನ ಎಣಿಕೆ.

ಪೆಟ್ರೋಲ್ ಸುಟ್ಟು ಹೊಗೆ ಎಬ್ಬಿಸುವ ಆಟಕ್ಕೆ ಈ ಕಾಲದಲ್ಲಿ ಸಮರ್ಥನೆ ಉಂಟೇ? ಪ್ರಾಮಾಣಿಕವಾದ ಪ್ರಶ್ನೆ. ಲೆಕ್ಕ ಹಾಕೋಣ. ನೂರು ಕಾರುಗಳು ದಿನವಿಡೀ ತಲಾ ನಾಲ್ಕು ಸಲ 914 ಮೀಟರ್ ಹತ್ತಿದರೆ ಒಟ್ಟು 366 ಕಿಲೊಮೀಟರ್. ಹೆಚ್ಚುಕಡಿಮೆ ಒಂದು ಕಾರು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಷ್ಟು ದೂರ. ರೇಸ್ ಕಾರು ಅದೇ ದೂರಕ್ಕೆ ಹಲವು ಪಟ್ಟು ಇಂಧನ ಕುಡಿಯುತ್ತದೆ, ಒಪ್ಪಿದೆ. ಕಾರುಗಳನ್ನು ಟ್ರೈಲರಿನಲ್ಲಿ ಎಳೆದು ತರುವುದಕ್ಕೂ ನೋಡುಗರು ಬಂದು ಹೋಗುವುದಕ್ಕೂ ಇದಕ್ಕಿಂತ ಬಹಳ ಹೆಚ್ಚು ಸುಡುತ್ತದೆ, ಅದನ್ನೂ ಒಪ್ಪಬೇಕು. ಆದರೆ ಆ ಮಾತು ಒಂದು ಫುಟ್‌ಬಾಲ್ ಪಂದ್ಯಕ್ಕೆ, ಒಂದು ಸಂಗೀತ ಕಚೇರಿಗೆ, ನಾವೇ ನಡೆಸುವ ರಾಜ್ಯೋತ್ಸವಕ್ಕೆ ಕೂಡ ಅನ್ವಯಿಸುತ್ತದೆ. ಆದ್ದರಿಂದ ಒಂದೊಂದು ಮನೆಗೆ ಒಂದೊಂದು ಕಾರು ತೆಗೆಯದೆ ಎರಡು ಮೂರು ಮನೆಯವರು ಒಂದರಲ್ಲೇ ಹೋಗಿ ಎನ್ನುವುದು ನನ್ನ ನೇರ ಸಲಹೆ. ಆ ಹಳ್ಳಿಯ ಕಡೆ ಬಸ್ಸು ರೈಲಿನ ಅನುಕೂಲ ಇಲ್ಲದಿರುವುದರಿಂದ ಅದು ಜೇಬಿಗೂ ಒಳ್ಳೆಯದು. ಸದ್ದಿನ ಬಗ್ಗೆ ಹೇಳುವುದಾದರೆ, ಕಾರುಗಳ ಶಬ್ದಕ್ಕೆ ಮಿತಿ ಇದೆ, ಪಂದ್ಯ ನಡೆಯುವುದು ವರ್ಷದಲ್ಲಿ ಕೆಲವೇ ದಿನ.

ಕೊನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಆದರೆ ಮನಸ್ಸಿನಲ್ಲಿ ಇಟ್ಟುಕೊಂಡವರು ಹಲವರು: ಅದು ನಮ್ಮ ಜಾಗವಲ್ಲ. ಹಳ್ಳಿಯ ಇಂಗ್ಲಿಷರ ಹಳೆಯ ಕ್ಲಬ್ಬು, ನರೆಗೂದಲಿನವರೇ ಹೆಚ್ಚು, ನಮ್ಮ ಮೈಬಣ್ಣದವರು ವಿರಳ, ಹೋಗಿ ಮೂಲೆಯಲ್ಲಿ ನಿಂತು ಬರಬೇಕಾಗುತ್ತದೆ ಎಂಬ ಅಳುಕು. ಈ ಅಳುಕಿಗೆ ಆಧಾರವಿಲ್ಲವೆಂದು ಹೇಳಲಾರೆ. ಅಲ್ಲಿನ ಜನಸಂದಣಿ ನಿಜಕ್ಕೂ ಹಾಗೇ ಇದೆ. ಆದರೆ ಅಪರಿಚಿತರ ನಡುವೆ ಮಾತಿಗೆ ದಾರಿ ಬೇಕಾದರೆ ಎಂಜಿನ್ನಿನಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಹವಾಮಾನದಿಂದ ಶುರುಮಾಡಿ ಅಲ್ಲೇ ಮುಗಿಯುವ ಸಂಭಾಷಣೆಗಳಿಗಿಂತ, ಈ ಗೇರಿನ ಅನುಪಾತ ಯಾಕೆ ಹೀಗೆ ಇಟ್ಟಿದ್ದೀರಿ ಎಂಬ ಒಂದು ಪ್ರಶ್ನೆ ಎಷ್ಟೋ ಮುಂದಕ್ಕೆ ಒಯ್ಯುತ್ತದೆ. ನಿಮ್ಮ ಕಸುಬು ಅವರಿಗೂ ಆಸಕ್ತಿಯ ವಿಷಯ. ನೀವು ಕೆಲಸ ಮಾಡುವ ಕಂಪನಿಯ ಕಾರು ಅವರ ಮನೆಯ ಮುಂದೆಯೂ ನಿಂತಿರಬಹುದು. ದೀಪಾವಳಿಗೆ ಸಭಾಂಗಣ ಬಾಡಿಗೆ ಹಿಡಿದು, ನಾವು ನಾವೇ ಸೇರಿ, ನಾವು ನಾವೇ ಚಪ್ಪಾಳೆ ತಟ್ಟಿ ಮನೆಗೆ ಬರುವುದು ಬೇಕು, ಅದಿಲ್ಲದೆ ಭಾಷೆ ಉಳಿಯುವುದಿಲ್ಲ. ಆದರೆ ಇಪ್ಪತ್ತು ವರ್ಷ ಬಾಳಿದ ಜಿಲ್ಲೆಯ ಒಂದು ಗುಡ್ಡದ ಹೆಸರೂ ಗೊತ್ತಿಲ್ಲದೆ ಉಳಿಯುವುದು ಸರಿಯಲ್ಲ.

ಅವರಿಗೆ ನಿಮ್ಮ ಅಗತ್ಯವೂ ಇದೆ. ಹವ್ಯಾಸಿ ಕ್ಲಬ್ಬಿಗೆ ಹಿಂದೆ ನಿಂತು ಹಣ ಸುರಿಯುವ ದೊಡ್ಡ ಕಂಪನಿ ಇರುವುದಿಲ್ಲ. ನೂರು ವರ್ಷ ತುಂಬುವ ಹೊತ್ತಿಗೆ, 2005ರ ಸುಮಾರಿಗೆ, ಶೆಲ್ಸ್‌ಲೀ ಜಮೀನಿನ ಗುತ್ತಿಗೆ ಮುಗಿಯುತ್ತಾ ಬಂದಾಗ ಅಭಿಮಾನಿಗಳು ಟ್ರಸ್ಟಿನ ಮೂಲಕ ಹಣ ಕೂಡಿಸಿ 99 ವರ್ಷದ ಹೊಸ ಗುತ್ತಿಗೆ ಪಡೆಯಬೇಕಾಯಿತು. ಬಾವುಟ ಹಿಡಿದು ಮಳೆಯಲ್ಲಿ ನಿಲ್ಲುವ ಮಾರ್ಷಲ್‌ಗಳು ಸಂಬಳಕ್ಕೆ ಬಂದವರಲ್ಲ, ಸ್ವಯಂಸೇವಕರು. ಅವರಿಲ್ಲದ ದಿನ ಪಂದ್ಯವಿಲ್ಲ. ಅವರಲ್ಲಿ ಅನೇಕರಿಗೆ ವಯಸ್ಸಾಗುತ್ತಿದೆ, ಎಳೆಯರು ಬೇಕು. ಮೋಟಾರ್‌ಸ್ಪೋರ್ಟ್ ಯುಕೆ ಎಂಬ ನಿಯಂತ್ರಣ ಸಂಸ್ಥೆ ಮಾರ್ಷಲ್ ಆಗುವವರಿಗೆ ತರಬೇತಿ ಕೊಡುತ್ತದೆ, ಹೆಸರು ನೋಂದಾಯಿಸಲು ಶುಲ್ಕವಿಲ್ಲ. ಮೊದಲ ಸಲ ನೋಡುಗರಾಗಿ ಹೋಗಿ. ಹಿಡಿಸಿದರೆ ಮುಂದಿನ ವರ್ಷ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಒಂದು ತಿರುವಿನ ಹೊಣೆ ಹೊರಿ. ಕಾರು ಓಡುವುದನ್ನು ಅಷ್ಟು ಹತ್ತಿರದಿಂದ, ದುಡ್ಡು ಕೊಡದೆ ನೋಡುವ ಅವಕಾಶ ಬೇರೆ ಯಾರಿಗೂ ಸಿಗುವುದಿಲ್ಲ.

ಶೆಲ್ಸ್‌ಲೀ ಒಂದೇ ಅಲ್ಲ. ಗ್ಲಾಸ್ಟರ್‌ಶೈರ್‌ನಲ್ಲಿ ಬುಗಾಟಿ ಓನರ್ಸ್ ಕ್ಲಬ್ 1938ರಿಂದ ನಡೆಸುತ್ತಿರುವ ಪ್ರೆಸ್ಕಾಟ್ ಇದೆ; 1127 ಗಜದ ಅದರ ಹಾದಿಯಲ್ಲಿ ಪಾರ್ಡನ್ ಎಂಬ ಹೇರ್‌ಪಿನ್ ತಿರುವಿನ ಬಳಿ ಕೂತವರಿಗೆ ಕಾರು ಬಂದದ್ದೂ ಕಾಣುತ್ತದೆ, ಮೇಲೆ ಹೋದದ್ದೂ ಕಾಣುತ್ತದೆ. ಶ್ರಾಪ್‌ಶೈರ್‌ನಲ್ಲಿ ಜಿಂಕೆವನದ ನಡುವೆ ಲೋಟನ್ ಪಾರ್ಕ್ ಇದೆ, ಲೀಡ್ಸ್ ಕಡೆಯವರಿಗೆ ಹೇರ್‌ವುಡ್. ಪಂದ್ಯಗಳು ವಸಂತದಿಂದ ಶರತ್ಕಾಲದವರೆಗೆ ಮಾತ್ರ. ಯಾವ ಭಾನುವಾರ ಎಲ್ಲಿ ಎಂಬುದನ್ನು ಆಯಾ ಕ್ಲಬ್ಬುಗಳು ಮೊದಲೇ ಪ್ರಕಟಿಸುತ್ತವೆ. ನಿಮ್ಮ ಕನ್ನಡ ಕೂಟದ ಈ ವರ್ಷದ ಕಾರ್ಯಕ್ರಮಗಳ ಪಟ್ಟಿ ಇನ್ನೂ ಅಂತಿಮವಾಗಿಲ್ಲದಿದ್ದರೆ ಅದರಲ್ಲೊಂದು ದಿನವನ್ನು ಶೆಲ್ಸ್‌ಲೀಗೆ ಎಂದು ಬರೆದಿಡಿ. ಮಳೆಯಂಗಿ, ಕೆಸರಿಗೆ ತಡೆಯುವ ಬೂಟು, ಮಕ್ಕಳ ಕಿವಿಗೆ ಕವಚ, ಸಮಯ ಬರೆದುಕೊಳ್ಳಲು ಒಂದು ಪೆನ್ನು ಮರೆಯಬೇಡಿ. ಮಧ್ಯಾಹ್ನ ಹೋದರಾಯಿತು ಎಂದುಕೊಳ್ಳದೆ ಬೆಳಗ್ಗೆ ಅಭ್ಯಾಸದ ಏರಿಕೆಗಳು ಶುರುವಾಗುವ ಹೊತ್ತಿಗೇ ಅಲ್ಲಿರಿ.

ಇಂತಿ,
ನಿಮ್ಮ ವಿಶ್ವಾಸಿ